ಎಕ್ಸ್‌ರೇ ಹೊಡೆಸಿಕೊಂಡ ಡೇರೆ

ಮೊನ್ನೆ ಮೊಣಕಾಲು ನೋವೆಂದು ಮೊಮ್ಮಗಳು ನನ್ನನ್ನು ಎಕ್ಸ್‌ರೇಗೆ ಕರೆದುಕೊಂಡು ಹೋದಳು. ಯಂತ್ರದ ಕೋಣೆಯಲ್ಲಿದ್ದ ಹುಡುಗಿ ಮೊಮ್ಮಗಳನ್ನು ಹೊರಗೇ ನಿಲ್ಲಿಸಿ, ದಪ್ಪ ಬಾಗಿಲು ಎಳೆದುಕೊಂಡು, "ಅಜ್ಜಿ, ಮೊದಲು ಯಾವತ್ತಾದ್ರೂ ಎಕ್ಸ್‌ರೇ ತೆಗೆಸಿದ್ರಾ?" ಎಂದು ಕೇಳಿದಳು. "ತೆಗೆಸಿದ್ದೆ ಕಣವ್ವ. ಮಡಿಕೇರಿಲಿ, ಕೊಡಗು ಇನ್ನೂ ಒಂದು ರಾಜ್ಯ ಆಗಿದ್ದಾಗ. ಅದರಿಂದ ನನ್ನ ಮದುವೆನೇ ಮುರಿದು ಬೀಳೋದ್ರಲ್ಲಿತ್ತು," ಎಂದೆ. ಅಜ್ಜಿಗೆ ತಲೆಯದ್ದೂ ಒಂದು ಎಕ್ಸ್‌ರೇ ಬೇಕಾದೀತು ಎಂದುಕೊಂಡಳೋ ಏನೋ, ಕಾಲು ಅಲ್ಲಾಡಿಸಬೇಡಿ ಎಂದಷ್ಟೇ ಹೇಳಿ ಗಾಜಿನ ಹಿಂದೆ ಹೋದಳು. ನಾನು ಅಲ್ಲಾಡದೆ ಮಲಗಿ ಆ ವರ್ಷವನ್ನು ನೆನೆಸಿಕೊಂಡೆ.

ಆಗ ನನಗೆ ಇಪ್ಪತ್ತೆರಡು ವರ್ಷ. ನಮ್ಮದು ಶಿರಂಗಾಲ, ಅಪ್ಪನಿಗೆ ಗದ್ದೆ, ಒಂದಿಷ್ಟು ಹೊಗೆಸೊಪ್ಪು. ವಿಭೂತಿ ಇಟ್ಟುಕೊಳ್ಳುವ ಮನೆಯ ಹುಡುಗಿ ನರ್ಸ್ ಕೆಲಸಕ್ಕೆ ಹೋಗಿ ಕಂಡಕಂಡವರ ಕೈ ಹಿಡಿಯುವುದೆಂದರೇನು ಎಂದು ನೆಂಟರೆಲ್ಲ ಮೂಗು ಮುರಿದರು. ಅಪ್ಪ, "ನಾಳೆ ನಿಮಗೆ ಜ್ವರ ಬಂದ್ರೆ ಅವಳು ನಿಮ್ಮ ಕೈನೂ ಹಿಡೀತಾಳೆ, ಹೆದರಬೇಡಿ," ಎಂದು ಅವರ ಬಾಯಿ ಮುಚ್ಚಿಸಿ ನನ್ನನ್ನು ಮಡಿಕೇರಿಯ ಬಸ್ಸು ಹತ್ತಿಸಿದರು. ನಾನು ಸೇರಿದ್ದು ಒಂದು ಸಣ್ಣ ಖಾಸಗಿ ಆಸ್ಪತ್ರೆ. ಅದು ಈಗಿಲ್ಲ, ಅದರ ಹೆಸರೂ ಬೇಡ. ಕೊಡಗಿಗೆ ಆಗ ಇಬ್ಬರೇ ಮಂತ್ರಿಗಳು. ದಾರಿಯಲ್ಲಿ ಮಂತ್ರಿ ಎದುರಾದರೆ ಜನ ಒಂದು ನಮಸ್ಕಾರ ಹಾಕಿ ಮುಂದೆ ಹೋಗುತ್ತಿದ್ದರು. ನಮ್ಮ ಎಕ್ಸ್‌ರೇ ಯಂತ್ರ ನೋಡಲು ಮಾತ್ರ ಕಕ್ಕಬೆಯಿಂದ, ತಿತಿಮತಿಯಿಂದ ಇಲ್ಲದ ಎದೆನೋವು ಮಾಡಿಕೊಂಡು ಬರುತ್ತಿದ್ದರು.

ಆಸ್ಪತ್ರೆಯ ಯಜಮಾನರು ಡಾಕ್ಟರ್ ಮಂದಣ್ಣ. ಯುದ್ಧಕಾಲದಲ್ಲಿ ಸೈನ್ಯದ ಡಾಕ್ಟರಾಗಿದ್ದವರು, ಹುರಿ ಮೀಸೆಯವರು, ರೋಗಿಯನ್ನು ಗದರಿಸಿಯೇ ಅರ್ಧ ರೋಗ ಬಿಡಿಸುವವರು. ಅವರಿಗೆ ಜೀವನದಲ್ಲಿ ಇದ್ದದ್ದು ಒಂದೇ ದುಃಖ: ಡೇರೆ ಹೂವು. ಪೇಟೆಯವರು ಡೇಲಿಯಾ ಅನ್ನುವುದನ್ನೇ ನಮ್ಮ ಕಡೆ ಡೇರೆ ಅನ್ನುತ್ತೇವೆ. ಮಳೆಗಾಲ ಮುಗಿದ ಮೇಲೆ ಮಡಿಕೇರಿಯಲ್ಲಿ ನಡೆಯುತ್ತಿದ್ದ ಹೂವಿನ ಪ್ರದರ್ಶನದಲ್ಲಿ ಡೇರೆಯ ಬಹುಮಾನದ ಕಪ್ಪು ಪ್ರತಿವರ್ಷ ಒಬ್ಬ ಎಸ್ಟೇಟಿನ ದೊರೆಸಾನಿಗೆ ಹೋಗುತ್ತಿತ್ತು, ಡಾಕ್ಟರಿಗೆ ಎರಡನೇ ಸ್ಥಾನ. ಬ್ರಿಟಿಷರು ದೇಶ ಬಿಟ್ಟರೂ ಡೇರೆಯ ಕಪ್ಪು ಬಿಡಲಿಲ್ಲವಲ್ಲ ಎಂದು ಅವರು ಆಪರೇಷನ್ನಿನ ನಡುವೆಯೂ ಹಲುಬುತ್ತಿದ್ದರು.

ಆ ವರ್ಷ ಮೇ ತಿಂಗಳಲ್ಲಿ ಯಾವುದೋ ಹೊರದೇಶದ ಪತ್ರಿಕೆ ಹಿಡಿದುಕೊಂಡು ಅವರು ನೇರ ವಾರ್ಡಿಗೇ ಬಂದರು. ಎಕ್ಸ್‌ರೇ ಕಿರಣ ಹಾಯಿಸಿ ಹೂಗಿಡಗಳಲ್ಲಿ ಹೊಸ ಬಣ್ಣ, ಹೊಸ ಆಕಾರ ತರಿಸಬಹುದು ಎಂದು ಅದರಲ್ಲಿತ್ತಂತೆ.

"ಎಂತ ಗೊತ್ತುಂಟಾ ಗಿರಿಜಾ? ಕಿರಣ ಗೆಡ್ಡೆಯ ಮೊಳಕೆ ಒಡೆಯುವ ಕಣ್ಣಿನ ಒಳಗೆ ಹೋಗಿ ಅಲ್ಲಿರುವ ಬುದ್ಧಿಯನ್ನೇ ಕಲಕಿಬಿಡ್ತದೆ. ಕೆಂಪು ಬಿಡಬೇಕಾದ ಗಿಡ ಬೇರೆ ಎಂತಾದರೂ ಬಿಡಬಹುದು."

"ಬೇರೆ ಏನು ಬಿಡ್ತದೆ ಡಾಕ್ಟ್ರೇ?"

"ಅದು ಗೊತ್ತಿದ್ದರೆ ಎಕ್ಸ್‌ರೇ ಯಾಕೆ ಮಾರಾಯ್ತಿ? ಹೆಚ್ಚಿನವು ಸಾಯ್ತವೆ. ಕೆಲವು ಕುರೂಪ ಆಗ್ತವೆ. ಎಲ್ಲೋ ಒಂದು ಚಂದ ಬರ್ತದೆ. ಆ ಒಂದು ನನಗೆ ಬೇಕು."

ಹೀಗೆ ಒಂದು ಬುಟ್ಟಿ ಕಡುಗೆಂಪು ಡೇರೆಯ ಗೆಡ್ಡೆಗಳು ನಮ್ಮ ರೋಗಿಗಳಾದವು. ಮನುಷ್ಯರ ಎದೆಯ ಚಿತ್ರಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಗೆಡ್ಡೆಗೆ ಅದರ ಸಾವಿರಪಟ್ಟು ಬೇಕೆಂದು ಡಾಕ್ಟರು ಯಂತ್ರವನ್ನು ಮತ್ತೆ ಮತ್ತೆ ಓಡಿಸುತ್ತಿದ್ದರು. ಅದು ಕಾದುಹೋದಾಗ ನಿಲ್ಲಿಸಿ ಕಾಫಿ ಕುಡಿಯುತ್ತಿದ್ದರು, ತಣ್ಣಗಾದ ಮೇಲೆ ಮತ್ತೆ ಓಡಿಸುತ್ತಿದ್ದರು. ಸಂಜೆ ಹೊತ್ತು ಬೀದಿಯ ದೀಪಗಳು ಮಂಕಾದರೆ, "ಡಾಕ್ಟರು ಗೆಡ್ಡೆಗೆ ಕರೆಂಟು ಕೊಡ್ತಾ ಇದ್ದಾರೆ," ಎಂದು ಜನ ಸೀಮೆಎಣ್ಣೆ ದೀಪ ಹಚ್ಚಿಕೊಳ್ಳುತ್ತಿದ್ದರು. ಕಿರಣ ತಗುಲಿದ ಗೆಡ್ಡೆಗಳು ಮನೆಯ ಬೇರೆ ಗೆಡ್ಡೆಗಳ ಜೊತೆ ಬೆರೆಯಬಾರದೆಂದು ಒಂದೊಂದರ ಕುತ್ತಿಗೆಗೂ ಗುರುತು ಕಟ್ಟುವುದು ನನ್ನ ಕೆಲಸ. ಬೇರೆ ದಾರ ಮಳೆಗೆ ಕೊಳೆಯುತ್ತದೆಂದು ಗಾಯ ಹೊಲಿಯುವ ಕರಿ ರೇಷ್ಮೆ ದಾರದಲ್ಲೇ ಕಟ್ಟಿದೆ, ನಮಗೆ ಕಲಿಸಿದ್ದ ಆಪರೇಷನ್ ಗಂಟು ಹಾಕಿ.

ಕಟ್ಟಿದ್ದನ್ನೆಲ್ಲ ಬಿದಿರಿನ ತಟ್ಟೆಗಳಲ್ಲಿ ಹರಡಿ, ರೋಗಿಗಳು ಕಾದು ಕೂರುವ ಜಗಲಿಯಲ್ಲಿ ಇಟ್ಟೆವು. ಡಾಕ್ಟರಿಗೆ ಪಾಪ, ಕಿರಣದ ವಿಷಯ ಗೊತ್ತಿತ್ತು, ಹೆಂಗಸರ ವಿಷಯ ಗೊತ್ತಿರಲಿಲ್ಲ. ಕೇಳಿ ತಂದ ಗಿಡ ಬದುಕುವುದಿಲ್ಲ, ಕದ್ದು ತಂದ ಗಿಡ ಸಾಯುವುದಿಲ್ಲ ಎಂಬುದು ನಮ್ಮ ಕಡೆಯ ಹೆಂಗಸರ ಅಚಲ ನಂಬಿಕೆ. ಚಿನ್ನದ ಬಳೆ ಬಿದ್ದಿದ್ದರೂ ಮುಟ್ಟದ, ಸಿಕ್ಕಿದ ಕಾಸನ್ನು ಮನೆ ಹುಡುಕಿ ಕೊಟ್ಟುಬರುವ ಮಾನವಂತರು ಡೇರೆ ಗೆಡ್ಡೆ ಕಂಡರೆ ಮಾತ್ರ ಬೇರೆ ಜಾತಿಯೇ ಆಗಿಬಿಡುತ್ತಾರೆ. ಒಂದೇ ವಾರದಲ್ಲಿ ತಟ್ಟೆ ಅರ್ಧ ಖಾಲಿಯಾಯಿತು. ಡಾಕ್ಟರು ಹೆಗ್ಗಣದ ಕಾಟವೆಂದು ತೀರ್ಮಾನಿಸಿ ಜಗಲಿಯ ಮೂಲೆಮೂಲೆಯಲ್ಲಿ ಬೋನು ಇಟ್ಟರು. ಬೋನಿನ ಮೇಲಿಂದ ಸೀರೆ ಎತ್ತಿ ದಾಟಿಕೊಂಡು ಹೋಗುತ್ತಿದ್ದ ಹೆಗ್ಗಣಗಳನ್ನು ನಾವು ದಿನಾ ನೋಡುತ್ತಿದ್ದೆವು.

ಅದೇ ದಿನಗಳಲ್ಲಿ ನನಗೊಂದು ಸಂಬಂಧ ಬಂತು. ಸೋಮವಾರಪೇಟೆಯಲ್ಲಿ ಏಲಕ್ಕಿ ವ್ಯಾಪಾರದ ಮನೆ. ತಂದೆ ಸದಾ ವ್ಯಾಪಾರದ ತಿರುಗಾಟದಲ್ಲಿ, ಮನೆ ನಡೆಸುವವರು ತಾಯಿ ಶಿವನಂಜಮ್ಮ, ಒಬ್ಬನೇ ಮಗ ಬಸವರಾಜು. ಶಾಸ್ತ್ರಕ್ಕೆ ಹೆಣ್ಣು ನೋಡುವುದು ಶಿರಂಗಾಲದಲ್ಲಿ ಎಂದಾಗಿತ್ತು. ಆದರೆ ಅಲಂಕಾರ ಮಾಡಿ ಕೂರಿಸಿದ ಹೆಣ್ಣನ್ನು ನೋಡಿ ಏನು ತಿಳಿಯುತ್ತದೆ, ದುಡಿಯುವಾಗ ನೋಡಬೇಕು ಎಂಬುದು ಶಿವನಂಜಮ್ಮನವರ ನೀತಿ. ಹಾಗಾಗಿ ಅವರು ಯಾರಿಗೂ ಹೇಳದೆ ಹಲ್ಲುನೋವಿನ ನೆಪದಲ್ಲಿ ನಮ್ಮ ಆಸ್ಪತ್ರೆಗೇ ಬಂದು, ಬೆಳಗಿನಿಂದ ಮಧ್ಯಾಹ್ನದವರೆಗೆ ಜಗಲಿಯಲ್ಲಿ ಕುಳಿತು ನನ್ನನ್ನು ನೋಡಿದರು. ನಾನು ಕರೆದಾಗಲೆಲ್ಲ "ನನ್ನ ಹಲ್ಲಿಗೇನು ಅವಸರ ಇಲ್ಲ ಕಣವ್ವ" ಅನ್ನುತ್ತಿದ್ದರು. ಕೊನೆಗೆ ಹಲ್ಲು ತೋರಿಸದೆಯೇ ಎದ್ದು, ಸೆರಗನ್ನು ಹೊಟ್ಟೆಗೆ ಅವುಚಿಕೊಂಡು ಹೋದರು. ಒಳ್ಳೆ ಮರ್ಯಾದಸ್ಥ ಹೆಂಗಸು, ಸೆರಗು ಜಾರಲು ಬಿಡುವುದಿಲ್ಲ ಎಂದುಕೊಂಡೆ. ಅವರು ಯಾರೆಂದು ನನಗೆ ತಿಳಿದದ್ದು ಹೆಣ್ಣು ನೋಡಲು ಬಂದ ದಿನ.

ಆ ದಿನ ಬಸವರಾಜು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ರಕ್ತ ನೋಡಿದ್ರೆ ನಿಮಗೆ ಹೆದರಿಕೆ ಆಗಲ್ವಾ?" ನಾನು, "ಯಾರದ್ದು, ನಿಮ್ಮದಾ?" ಎಂದೆ. ಅಮ್ಮ ಹಿಂದಿನಿಂದ ಚಿವುಟಿದಳು. ಅವನು ಮಾತ್ರ ತಲೆ ಹಿಂದಕ್ಕೆ ಹಾಕಿ ನಕ್ಕ. ಆ ನಗು ನನಗೆ ಬಹಳ ಹಿಡಿಸಿತು. ಇವನೇ ಆಗಬೇಕು, ಬೇರೆಯವನು ಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ಎರಡೂ ಕಡೆ ಒಪ್ಪಿಗೆಯಾಗಿ, ದೀಪಾವಳಿ ಕಳೆದ ಮೇಲೆ ಮದುವೆ ಎಂದು ಮಾತಾಯಿತು.

ಆಮೇಲೆ ಮಳೆ ಹಿಡಿಯಿತು. ಮಡಿಕೇರಿಯ ಆಟಿ ಮಳೆಯಲ್ಲಿ, ಅಂದರೆ ಆಷಾಢದ ಮಳೆಯಲ್ಲಿ, ಬಟ್ಟೆ ಒಣಗುವುದೆಂಬುದಿಲ್ಲ. ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ, ಅದರ ಮೇಲೆ ನಮ್ಮ ಬಿಳಿ ಸೀರೆಗಳನ್ನು ಹರಡಿ ಒಣಗಿಸುತ್ತಿದ್ದೆವು. ಆ ಹೊಗೆ ಕುಡಿದು ಕುಡಿದು ನನಗೆ ಕೆಮ್ಮು ಹತ್ತಿತು. ನರ್ಸ್ ಕೆಮ್ಮಿದರೆ ರೋಗಿಗಳು ಓಡಿಹೋಗುತ್ತಾರೆಂದು ಡಾಕ್ಟರು ನನ್ನ ಎದೆಗೂ ಒಂದು ಎಕ್ಸ್‌ರೇ ತೆಗೆದರು. ಎದೆ ಸ್ವಚ್ಛವಾಗಿತ್ತು. ಬುಟ್ಟಿಯಿಂದ ದೂರ ಕೂತುಕೋ ಎಂಬುದೇ ಔಷಧಿಯಾಯಿತು, ಕೆಮ್ಮು ಹೋಯಿತು, ನಾನು ಅದನ್ನು ಮರೆತೂಬಿಟ್ಟೆ.

ಮಳೆ ಸ್ವಲ್ಪ ಇಳಿದು ಡೇರೆಗಳು ಮೊಗ್ಗು ಒಡೆದಾಗ ತೊಂದರೆ ಶುರುವಾಯಿತು. ಡಾಕ್ಟರ ಹೂವಿನ ಮಡಿಯಲ್ಲಿ ಉಳಿದಿದ್ದ ಗಿಡಗಳಲ್ಲಿ ಹೆಚ್ಚಿನವು ಮೊಣಕಾಲೆತ್ತರಕ್ಕೂ ಬರದೆ ಮುರುಟಿದ್ದವು. ಹೂ ಬಿಟ್ಟವು ಇನ್ನೂ ಚಂದ. ಒಂದು ಹೂವು ಬೆನ್ನಿಗೆ ಬೆನ್ನು ಹಚ್ಚಿ ಎರಡು ತಲೆಯಾಗಿತ್ತು. ಒಂದರ ನಡುವಿನಿಂದ ಎಲೆ ಬಂದಿತ್ತು. ಇನ್ನೊಂದು ಮೊಟ್ಟೆಯೊಡೆದು ಬಂದ ಒದ್ದೆ ಕೋಳಿಮರಿಯ ಹಾಗಿತ್ತು. ಊರಿನ ದೊಡ್ಡ ವಕೀಲರ ಅಂಗಳದಲ್ಲೂ ಅಂಥದೇ ಎರಡು ತಲೆಯ ಹೂವು ಅರಳಿತು. ನಮ್ಮ ಹಿರಿಯ ನರ್ಸ್ ಸಿಸ್ಟರ್ ಅನ್ನಮ್ಮನವರ ಕಿಟಕಿಯ ಕುಂಡದಲ್ಲೂ ಅರಳಿತು. ಹೆಗ್ಗಣಗಳ ವಿಳಾಸಗಳೆಲ್ಲ ಹೀಗೆ ಒಂದೊಂದಾಗಿ ಬಯಲಾದವು. ಸಿಸ್ಟರ್ ಅನ್ನಮ್ಮ ತಮ್ಮ ಗಿಡದ ಮೇಲೆ ಟವೆಲ್ ಹೊದಿಸಿ, ಅದಕ್ಕೆ ಶೀತವಾಗಿದೆ ಎಂದರು.

ನಗುತ್ತಿದ್ದ ಜನ ಮೆಲ್ಲಗೆ ಹೆದರಲು ತೊಡಗಿದರು. ಗೆಡ್ಡೆಗೆ ಹೀಗಾದರೆ ಮನುಷ್ಯರಿಗೆ ಏನಾಗಬೇಕು? ಸುಳ್ಳು ಎದೆನೋವಿನವರು ಬರುವುದು ನಿಂತಿತು. ನಿಜವಾದ ಎದೆನೋವಿನವರೂ ಕಷಾಯ ಸಾಕು ಎಂದರು. ಈ ಸುದ್ದಿ ಏಲಕ್ಕಿ ಮೂಟೆಗಳ ಜೊತೆ ಸೋಮವಾರಪೇಟೆ ತಲುಪಿತು. ಮದುವೆಯಾಗಬೇಕಾದ ಹುಡುಗಿಯನ್ನೂ ಅದೇ ಮಿಷನ್ನಿನ ಮುಂದೆ ನಿಲ್ಲಿಸಿದ್ದರು ಎಂಬುದೂ ಅದರ ಜೊತೆಗೇ ಹೋಯಿತು. ಶಿವನಂಜಮ್ಮ ನಮ್ಮ ಅಪ್ಪನಿಗೆ ಹೇಳಿಕಳಿಸಿದರು: "ಹುಡುಗಿ ಚಿನ್ನದಂಥೋಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಳೆ ಎರಡು ತಲೆ ಮಗ ಹುಟ್ಟಿದ್ರೆ ಯಾರಿಗೆ ತೋರ್ಸನ? ನಮಗಿರೋನು ಒಬ್ಬನೇ ಮಗ. ಈ ಸಂಬಂಧ ಬ್ಯಾಡ."

ನಾನು ಅತ್ತೆ. ಎರಡು ತಲೆಯ ಹೂವನ್ನು ನೋಡಿ ಎಲ್ಲರಿಗಿಂತ ಜೋರಾಗಿ ನಕ್ಕಿದ್ದವಳು ನಾನೇ. ಈಗ ಅದನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಡಾಕ್ಟರು ಶಿವನಂಜಮ್ಮನವರಿಗೆ ಅರ್ಥವಾಗಲೆಂದು ಕಿರಣದ ಅಳತೆ, ಪ್ರಮಾಣ ಎಲ್ಲ ಬರೆದು ಇಂಗ್ಲಿಷಿನಲ್ಲಿ ಒಂದು ಕಾಗದ ಹಾಕಿದರು. ಅದರಿಂದ ಏನೂ ಆಗಲಿಲ್ಲ. ಓದಿಸಿಕೊಳ್ಳಲು ಯಾರನ್ನೋ ಕರೆದಿರಬೇಕು, ಇಷ್ಟುದ್ದ ಬರೆದಿದ್ದಾರೆ ಅಂದರೆ ಏನೋ ಇದೆ ಎಂದು ಅವರ ಅನುಮಾನ ಗಟ್ಟಿಯಾಯಿತು.

ಒಂದು ದಿನ ಬಸವರಾಜುವೇ ಆಸ್ಪತ್ರೆಗೆ ಬಂದು ಹೊರರೋಗಿಗಳ ಸಾಲಿನಲ್ಲಿ ಕುಳಿತ. ನನ್ನ ಕಡೆ ನೋಡಲಿಲ್ಲ. ಸರದಿ ಬಂದಾಗ ಡಾಕ್ಟರ ಮುಂದೆ ಹೋಗಿ, "ನಂಗೂ ಒಂದು ಎಕ್ಸ್‌ರೇ ಹೊಡೀರಿ ಡಾಕ್ಟ್ರೇ," ಎಂದ.

"ಎಂತ ಆಗಿದೆ ನಿನಗೆ?"

"ಏನೂ ಆಗಿಲ್ಲ. ಇಬ್ರಿಗೂ ಹೊಡೆದುಬಿಟ್ರೆ ಅವ್ವ ಬೇರೆ ಹೆಣ್ಣು ಹುಡುಕೋ ಹಂಗಿಲ್ಲ. ಎಕ್ಸ್‌ರೇ ಗಂಡಿಗೆ ಎಕ್ಸ್‌ರೇ ಹೆಣ್ಣೇ ಆಗಬೇಕಲ್ಲ."

ರೋಗವಿಲ್ಲದವನಿಗೆ ಎಕ್ಸ್‌ರೇ ಇಲ್ಲ, ನಡಿ ಆಚೆ ಎಂದು ಡಾಕ್ಟರು ಗದರಿ ಕಳಿಸಿದರು. ನಾನು ಔಷಧಿ ಕೋಣೆಯ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡೆ. ಇವನನ್ನು ಕಳೆದುಕೊಂಡರೆ ಜೀವಮಾನವಿಡೀ ಹಲುಬಬೇಕಾಗುತ್ತದೆ ಎಂದು ಆಗ ನನಗೆ ಖಂಡಿತವಾಗಿ ಗೊತ್ತಾಯಿತು.

ಗೌರಿಹಬ್ಬದ ಮುಂಚಿನ ದಿನ ಸೋಮವಾರಪೇಟೆ ಕಡೆಯ ರೋಗಿಯೊಬ್ಬ ಡಾಕ್ಟರಿಗೆ ಒಂದು ಸುದ್ದಿ ತಂದ. ಅಲ್ಲಿ ಒಂದು ಮನೆಯಲ್ಲಿ ಡೇರೆ ಹೂವು ಅರ್ಧ ಕೆಂಪು ಅರ್ಧ ಹಳದಿ ಬಿಟ್ಟಿದೆಯಂತೆ, ಕತ್ತಿಯಲ್ಲಿ ಗೆರೆ ಎಳೆದ ಹಾಗೆ. ಗೌರಿಯೇ ಅರಿಶಿನ ಕುಂಕುಮ ಇಟ್ಟುಕೊಂಡು ಬಂದಿದ್ದಾಳೆಂದು ಹೆಂಗಸರು ಆರತಿ ಎತ್ತುತ್ತಿದ್ದಾರಂತೆ. ಡಾಕ್ಟರು ಹಿಡಿದಿದ್ದ ಸ್ಟೆತಾಸ್ಕೋಪನ್ನು ಅವನ ಎದೆಯ ಮೇಲೇ ಬಿಟ್ಟು ಎದ್ದರು.

"ಗಿರಿಜಾ, ಕಾರು ಹತ್ತು. ನಾಳೆ ಬೆಳಿಗ್ಗೆ ಹೊರಡುದು. ನೀನು ಆ ಕಡೆಯ ಮಾತಿನವಳು, ನೀನೇ ಕೇಳಬೇಕು. ನಾನು ಕೇಳಿದರೆ ಕೊಡುದಿಲ್ಲ."

"ನಾಳೆ ಹೊರಡೋದಾದ್ರೆ ಈಗ್ಲೇ ಯಾಕೆ ಕಾರು ಹತ್ತಲಿ ಡಾಕ್ಟ್ರೇ?" ಎಂದರೂ ಅವರಿಗೆ ಕೇಳಿಸಲಿಲ್ಲ.

ಮಾರನೆಯ ದಿನ ಮಾದಾಪುರದ ತಿರುವುಗಳಲ್ಲಿ ಕಾರು ಓಲಾಡುತ್ತ ಹೋಗಿ, ಸೋಮವಾರಪೇಟೆಯಲ್ಲಿ ದಾರಿ ಕೇಳಿಕೊಂಡು, ಹೆಂಗಸರು ತುಂಬಿದ್ದ ಒಂದು ಅಂಗಳದ ಮುಂದೆ ನಿಂತಿತು. ಬಾಗಿಲಲ್ಲಿ ಬಾಳೆಕಂಬ ಕಟ್ಟುತ್ತಿದ್ದವನು ತಿರುಗಿ ನೋಡಿದ. ಬಸವರಾಜು. ನಾನು ತಲೆ ತಗ್ಗಿಸಿಕೊಂಡೇ ಕಾರಿನಿಂದ ಇಳಿದೆ. ಡಾಕ್ಟರು ಮಾತ್ರ ಯಾರ ಮನೆ, ಏನು ಎತ್ತ ಒಂದನ್ನೂ ನೋಡದೆ ನೇರ ಗಿಡದ ಹತ್ತಿರ ಹೋಗಿ ಮಂಡಿಯೂರಿದರು. ಹೂವು ನಿಜಕ್ಕೂ ಅದ್ಭುತವಾಗಿತ್ತು. ಅಂಗೈಯಗಲ, ಒಂದು ಕಡೆ ಕುಂಕುಮ, ಇನ್ನೊಂದು ಕಡೆ ಅಪ್ಪಟ ಅರಿಶಿನ. ಅಷ್ಟು ದಿನ ಅದರ ಬಳಗವನ್ನೆಲ್ಲ ಶಪಿಸಿದ್ದ ನಾನೂ ಒಂದು ಗಳಿಗೆ ಬಾಯಿಬಿಟ್ಟು ನೋಡಿದೆ.

"ಇದು ನನ್ನ ಗೆಡ್ಡೆ," ಎಂದರು ಡಾಕ್ಟರು.

ಶಿವನಂಜಮ್ಮ ಆರತಿ ತಟ್ಟೆ ಹಿಡಿದುಕೊಂಡೇ ಮುಂದೆ ಬಂದರು. ನನ್ನನ್ನು ಕಂಡು ಮುಖ ಗಂಟಿಕ್ಕಿಕೊಂಡರು. "ನಿಮ್ದು ಹೆಂಗಾದಾತು? ಇದು ನಮ್ಮ ತೌರಿನ ಗೆಡ್ಡೆ. ನಮ್ಮವ್ವನ ಕಾಲದ್ದು, ಅರಕಲಗೂಡಿಂದ ತಂದಿದ್ದು. ಬೀದಿಯೋರ್ನೆಲ್ಲ ಕೇಳಿ."

ಡಾಕ್ಟರು ಬೀದಿಯವರನ್ನು ಕೇಳಲಿಲ್ಲ. ಬುಡದ ಮಣ್ಣನ್ನು ಎರಡು ಬೆರಳಿನಿಂದ ಸರಿಸಿದರು. ಗೆಡ್ಡೆಯ ಕುತ್ತಿಗೆಯಲ್ಲಿ ಕರಿ ರೇಷ್ಮೆ ದಾರ ಕಂಡಿತು.

"ಇದು ಹೊಟ್ಟೆ ಹೊಲಿಯುವ ದಾರ. ನಿಮ್ಮ ತಾಯಿಯ ಕಾಲದಲ್ಲಿ ಅರಕಲಗೂಡಿನಲ್ಲಿ ಡೇರೆಗೆ ಆಪರೇಷನ್ ಮಾಡ್ತಿದ್ದರಾ? ಗಿರಿಜಾ, ಗಂಟು ಯಾರದ್ದು ನೋಡು."

ಹೆಂಗಸರೆಲ್ಲ ಕುತ್ತಿಗೆ ಚಾಚಿ ಬುಡದತ್ತ ಬಗ್ಗಿದರು. ಗೌರಿಹಬ್ಬದ ದಿನ, ಬೀದಿಯ ಮುತ್ತೈದೆಯರೆಲ್ಲ ನಿಂತಿರುವಾಗ, ಕಳ್ಳತನ. ಆಸ್ಪತ್ರೆಯ ಜಗಲಿ, ಹಲ್ಲುನೋವು, ಅವುಚಿ ಹಿಡಿದ ಸೆರಗು ಎಲ್ಲ ನನಗೆ ಒಟ್ಟಿಗೆ ಹೊಳೆಯಿತು. ಶಿವನಂಜಮ್ಮ ನನ್ನ ಕಡೆ ನೋಡಿದರು. ಆ ಕಣ್ಣಿನಲ್ಲಿ ಗತ್ತು ಇರಲಿಲ್ಲ, ಬರೀ ಹೆದರಿಕೆ ಇತ್ತು. ನನಗೆ ಅಯ್ಯೋ ಅನಿಸಿದ್ದು ನಿಜ. ಬಾಗಿಲಲ್ಲಿ ನಿಂತಿದ್ದವನ ಕಡೆ ಒಂದು ಕಣ್ಣು ಇಟ್ಟುಕೊಂಡೇ ಅಯ್ಯೋ ಅನಿಸಿದ್ದೂ ನಿಜ.

"ಗಂಟು ನಂದೇ ಡಾಕ್ಟ್ರೇ," ಎಂದೆ. "ಅತ್ತೆಮ್ಮ ಆಸ್ಪತ್ರೆಗೆ ಬಂದಿದ್ರಲ್ಲ, ಆಗ ನಾನೇ ಕೊಟ್ಟೆ. ಸೊಸೆ ಆಗೋಳು ಅತ್ತೇನ ಬರಿಗೈಲಿ ಹೆಂಗೆ ಕಳಿಸಾದು?"

"ಕೊಟ್ಟೆಯಾ? ನನ್ನ ಕೇಳದೆ?" ಡಾಕ್ಟರಿಗೆ ಸಿಟ್ಟು ನೆತ್ತಿಗೇರಿತು. "ಮತ್ತೆ ನಾನು ಬೋನು ಇಟ್ಟದ್ದು ಯಾರಿಗೆ?"

ಎಲ್ಲರೂ ಶಿವನಂಜಮ್ಮನವರನ್ನೇ ನೋಡುತ್ತಿದ್ದರು. ಅವರ ಮುಂದೆ ಇದ್ದದ್ದು ಎರಡೇ ದಾರಿ: ಕಳ್ಳಿಯಾಗಬೇಕು, ಇಲ್ಲವೇ ನನ್ನ ಅತ್ತೆಯಾಗಬೇಕು. ಅವರು ಹೂವನ್ನು ನೋಡಿದರು, ನನ್ನನ್ನು ನೋಡಿದರು, ತಟ್ಟೆಯನ್ನು ಪಕ್ಕದವರ ಕೈಗೆ ಕೊಟ್ಟರು.

"ಹೂಂ, ಇವಳೇ ಕೊಟ್ಟಳು. ವಯಸ್ಸಾಯ್ತು ನೋಡಿ, ತೌರಿನ ಗೆಡ್ಡೆ ಯಾವ್ದು, ಸೊಸೆ ಕೊಟ್ಟಿದ್ದು ಯಾವ್ದು ಅಂತ ಮರ್ತೇಹೋಗದೆ."

ಗುಂಪಿನಲ್ಲಿದ್ದ ಒಬ್ಬಾಕೆ ಸುಮ್ಮನಿರಲಾರದೆ, "ಹಂಗಾರೆ ಇದೂ ಆ ಮಿಷನ್ನಿಂದೇನಾ? ಹುಡುಗೀಗೂ ಅದರಲ್ಲೇ ಹೊಡೆದವ್ರಂತಲ್ಲ," ಎಂದಳು.

ಡಾಕ್ಟರು ತಲೆ ಎತ್ತಿ, "ಹುಡುಗಿಗೆ ಕೊಟ್ಟದ್ದು ಒಂದು ಚಿಟಿಕೆ ಅಮ್ಮ. ಈ ಗೆಡ್ಡೆಗೆ ಕೊಟ್ಟದ್ದು ಮೂಟೆಗಟ್ಟಲೆ," ಎಂದರು.

ಶಿವನಂಜಮ್ಮ ಆಕೆಯ ಕಡೆ ತಿರುಗಿದರು. "ಮಿಷನ್ನಿಂದಾದ್ರೆ ಏನಾತು? ಗೌರವ್ವ ಯಾವ ದಾರೀಲಿ ಬರಬೇಕು ಅಂತ ನೀನು ಹೇಳಿಕೊಡ್ತೀಯಾ? ಮೂಟೆಗಟ್ಟಲೆ ಬಿದ್ದಿದ್ದೇ ಹಿಂಗೆ ಬೆಳಗ್ತಾ ಐತೆ, ಇನ್ನು ಒಂದು ಚಿಟಿಕೆ ನನ್ನ ಸೊಸೇಗೆ ಏನು ಮಾಡ್ತದೆ?" ಎಂದು ಗದರಿಸಿ, ಕುಂಕುಮದ ಬಟ್ಟಲಿಗೆ ಬೆರಳದ್ದಿ ನನ್ನ ಹಣೆಗೆ ಇಟ್ಟರು. ಇಡುವಾಗ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ, "ಭಾರಿ ಚಾಲಾಕಿ ಇದೀಯ ಕಣೆ," ಎಂದರು. ಬಸವರಾಜು ಬಾಳೆಕಂಬ ತಬ್ಬಿಕೊಂಡು ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದ.

ಡಾಕ್ಟರಿಗೆ ಆ ವರ್ಷದ ಕಪ್ಪು ಸಿಕ್ಕಲಿಲ್ಲ. ಹಬ್ಬದ ಹೂವನ್ನು ಪ್ರದರ್ಶನಕ್ಕೆ ಕಿತ್ತುಕೊಡಲು ಅತ್ತೆ ಒಪ್ಪಲಿಲ್ಲ; ಮದುವೆ ಊಟ ಮಾಡಿ ಒಂದು ತುಂಡು ಗೆಡ್ಡೆ ತೆಗೆದುಕೊಂಡು ಹೋಗಿ ಎಂದರು. ಡಾಕ್ಟರು ಹಾಗೇ ಮಾಡಿದರು. ಆದರೆ ಮರುವರ್ಷ ಅವರ ಮಡಿಯಲ್ಲೂ ನಮ್ಮ ಅಂಗಳದಲ್ಲೂ ಆ ಗೆಡ್ಡೆ ಮೊದಲಿನ ಹಾಗೆ ಕಡುಗೆಂಪು ಹೂವನ್ನೇ ಬಿಟ್ಟಿತು. ಕಿರಣ ಕಲಕಿದ್ದು ಒಂದು ಕಣ್ಣನ್ನು ಮಾತ್ರ, ಉಳಿದವು ತಮ್ಮ ಹಳೇ ಬುದ್ಧಿಗೇ ಬಂದವು ಎಂದು ಅವರು ಬಹಳ ದುಃಖದಿಂದ ವಿವರಿಸಿದರು. ಅತ್ತೆಯೂ ಆ ವರ್ಷ ಗಿಡದ ಸುತ್ತ ದಿನಾ ಓಡಾಡಿ, ಇವತ್ತು ಬಂದೀತು, ನಾಳೆ ಬಂದೀತು ಎಂದು ಪ್ರತಿ ಮೊಗ್ಗನ್ನೂ ಕಾದರು.

ಅದೇ ಮಳೆಗಾಲದಲ್ಲಿ ನನಗೆ ಮಗಳು ಹುಟ್ಟಿದಳು. ಮೊದಲ ಸ್ನಾನದ ದಿನ ಅತ್ತೆ ಬಚ್ಚಲಲ್ಲಿ ಕಾಲು ನೀಡಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ನೀರು ಹಾಕುವುದಕ್ಕೆ ಮೊದಲು ಕೈಬೆರಳು ಎಣಿಸಿದರು. ಕಾಲ್ಬೆರಳು ಎಣಿಸಿದರು. ಕಿವಿ ಮಡಿಚಿ ಹಿಂದೆ ನೋಡಿದರು. ಮಗುವನ್ನು ಬೋರಲು ಹಾಕಿ ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಬೆರಳಿನಿಂದ ಗೆರೆ ಎಳೆದು, ಈ ಕಡೆ ಒಮ್ಮೆ ಆ ಕಡೆ ಒಮ್ಮೆ ನೋಡಿದರು. ನಾನು ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದೆ.

"ಏನು ಅತ್ತೆಮ್ಮ?" ಎಂದೆ.

"ಏನಿಲ್ಲ ಕಣವ್ವ," ಎಂದು ಅವರು ಒಂದು ನಿಟ್ಟುಸಿರು ಬಿಟ್ಟರು. ಅದರಲ್ಲಿ ನೆಮ್ಮದಿ ಎಷ್ಟಿತ್ತೋ ನಿರಾಸೆಯೂ ಅಷ್ಟೇ ಇತ್ತು. "ಒಂದೇ ಬಣ್ಣ ಬಂದದೆ."